ಹಿರಿಯರಿಗೆ ಹೊಂದುವ ಮನೆ: ಕೊಯಮತ್ತೂರು ಸೀಮೆಯಲ್ಲೊಂದು ಸಂಚಾರ

ತಾಳವಾಡಿಯಿಂದ ಹೊರಟು ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು ಬಣ್ಣಾರಿಯನ್ನು ಮುಟ್ಟಿದೊಡನೆ ಹವೆ ಬದಲಾಗುತ್ತದೆ. ಕನ್ನಡದ ನಾಮಫಲಕಗಳೂ ಮರೆಯಾಗುತ್ತವೆ. ಆದರೆ ಕನ್ನಡವು ಅಲ್ಲಿಗೆ ಮುಗಿಯುವುದಿಲ್ಲ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಅನೇಕ ಊರುಗಳಲ್ಲಿ ದೇವಾಂಗ ನೇಕಾರರು, ಒಕ್ಕಲಿಗರು, ಅನುಪ್ಪರು ತಲೆಮಾರುಗಳಿಂದ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡು ಬಂದಿದ್ದಾರೆ. 1956ರವರೆಗೆ ನಮ್ಮ ಕೊಳ್ಳೇಗಾಲವೇ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ತಿರುಪ್ಪೂರು ಪ್ರತ್ಯೇಕ ಜಿಲ್ಲೆಯಾದದ್ದು 2009ರಲ್ಲಿ. ಗಡಿಗಳು ಹೀಗೆ ಸರಿದಾಡಿದರೂ ಮನೆಯೊಳಗಿನ ಮಾತು ಕದಲಲಿಲ್ಲ.

ಈ ಮಾತನ್ನು ಕಾಪಾಡಿದವರು ಯಾರು? ಶಾಲೆಯೆಂದು ಹೇಳುವ ಭಾಗ್ಯ ಉಪಾಧ್ಯಾಯರಾದ ನಮಗಿಲ್ಲ. ಅಲ್ಲಿಯ ಮಕ್ಕಳು ಓದುವುದು ತಮಿಳಿನಲ್ಲಿ, ಇಲ್ಲವೆ ಇಂಗ್ಲಿಷಿನಲ್ಲಿ. ತಿಣ್ಣೆಯ ಮೇಲೆ ಕುಳಿತ ಅಜ್ಜ ಅಜ್ಜಿಯರೇ ಅವರಿಗೆ ಕನ್ನಡದ ಪಾಠಶಾಲೆ. ಆದುದರಿಂದ ಅರ್ಧವಾರ್ಷಿಕ ರಜೆಯಲ್ಲಿ ಆ ಸೀಮೆಗೆ ಹೋದಾಗ ಒಂದೇ ವಿಷಯವನ್ನು ಮನಸ್ಸಿನಲ್ಲಿಟ್ಟುಕೊಂಡೆವು: ಈ ಹಿರಿಯರು ತಮ್ಮ ಮನೆಗಳಲ್ಲಿ ಹೇಗಿದ್ದಾರೆ? ಮನೆಗಳು ಅವರನ್ನು ಹೇಗೆ ನೋಡಿಕೊಳ್ಳುತ್ತಿವೆ?

ಇದು ಸಣ್ಣ ವಿಷಯವಲ್ಲ. 2011ರ ಜನಗಣತಿಯ ಪ್ರಕಾರ ಅರವತ್ತು ದಾಟಿದವರು ಭಾರತದಲ್ಲಿ ನೂರಕ್ಕೆ 8.6 ಮಂದಿ, ತಮಿಳುನಾಡಿನಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆಂದೂ, ಅಂಥ ಸಾವುಗಳು ಅರವತ್ತು ದಾಟಿದವರಲ್ಲೇ ಅಧಿಕವೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ.

ಸತ್ಯಮಂಗಲದಿಂದ ಮೇಟುಪಾಳ್ಯದ ಕಡೆಗೆ ಸಾಗುವ ದಾರಿಯಲ್ಲಿ, ಭವಾನಿ ನದಿಯ ಸಮೀಪದಲ್ಲಿ ಸಿರುಮುಗೈ ಇದೆ. ಮೃದುವಾದ ರೇಷ್ಮೆ ಸೀರೆಗಳಿಗೆ ಹೆಸರಾದ ನೇಕಾರರ ಊರು. ಅಲ್ಲಿ ಎಂಬತ್ತು ದಾಟಿದ ಹಿರಿಯ ನೇಕಾರರೊಬ್ಬರ ಮನೆಯಲ್ಲಿ ಒಂದು ಹಗಲು ಕಳೆದೆವು. ಮುಂದೆ ತಿಣ್ಣೆ, ಅದರ ಹಿಂದೆ ಮಗ್ಗದ ಕೋಣೆ, ಆಮೇಲೆ ಅಡುಗೆಮನೆ, ಕೊನೆಯಲ್ಲಿ ಹಿತ್ತಲು. ಇಡೀ ಮನೆ ಒಂದೇ ಗೆರೆಯಲ್ಲಿ ಎಳೆದಂತಿದೆ.

ಇಂತಹ ಮನೆ ದುಡಿಯುವ ದೇಹಕ್ಕಾಗಿ ಕಟ್ಟಿದ್ದು, ದಣಿದ ದೇಹಕ್ಕಾಗಿ ಅಲ್ಲ. ಕಾಲು ಇಳಿಬಿಟ್ಟು ಕುಳಿತು ನೇಯುವ ಮಗ್ಗದ ಗುಂಡಿ ನೆಲದ ಮಟ್ಟದಲ್ಲಿಯೇ ಬಾಯಿ ತೆರೆದಿರುತ್ತದೆ. ಬಾಗಿಲಿಗೊಂದು ಎತ್ತರದ ಹೊಸ್ತಿಲು. ಬಚ್ಚಲು ಹಿತ್ತಲಿನ ಕೊನೆಗೆ. ನುಣುಪಾದ ಕಡಪಾ ಕಲ್ಲು ಒದ್ದೆಯಾದರೆ ಎಳೆಯರ ಕಾಲೂ ಜಾರುವಂಥದು. ಹಗ್ಗದ ಮಂಚ ನಡುವೆ ಜಗ್ಗಿರುವುದರಿಂದ ಮಲಗಲು ಹಿತ, ಏಳಲು ಕಷ್ಟ.

ಮಗನು ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲಿ ಮೇಲ್ವಿಚಾರಕ. ತಂದೆಯನ್ನು ತನ್ನ ಬಾಡಿಗೆ ಮನೆಗೆ ಕರೆದೊಯ್ದಿದ್ದನು. ಹಿರಿಯರು ನಾಲ್ಕು ತಿಂಗಳಿಗೆ ಹಿಂದಿರುಗಿದರು. ಕಾರಣ ಕೇಳಿದೆವು.

"ಏನೂ ಕಮ್ಮಿ ಇರಲಿಲ್ಲ ಮೇಷ್ಟ್ರೇ. ಮನೆ ಮಹಡಿ ಮೇಲೆ. ಇಳಿದರೆ ಹತ್ತೋದಕ್ಕಾಗದು, ಹತ್ತಿದರೆ ಇಳಿಯೋದಕ್ಕಾಗದು. ಇಳಿದರೂ ಯಾರ ಹತ್ತಿರ ಮಾತಾಡಲಿ?"

ತಂದೆ ಹಿಂದಿರುಗಿದ ಮೇಲೆ ಮಗನು ಕೋಪಿಸಿಕೊಳ್ಳದೆ ಬಡಗಿಯನ್ನೂ ಗಾರೆ ಕೆಲಸದವರನ್ನೂ ಕರೆಸಿದನು. ಮೂರು ದಿನಗಳ ಕೆಲಸ. ಗುಂಡಿಯನ್ನು ಮುಚ್ಚಿಬಿಡೋಣವೆಂದಾಗ ಹಿರಿಯರು ಒಪ್ಪಲಿಲ್ಲ. ಆಯುಷ್ಯವೆಲ್ಲ ಕಾಲಿಟ್ಟ ಜಾಗಕ್ಕೆ ಮಣ್ಣು ಹಾಕಬೇಡಿರೆಂದರು. ಕೊನೆಗೆ ನೆಲಕ್ಕೆ ಸರಿಸಮವಾಗಿ ಕೂರುವ ಗಟ್ಟಿ ಹಲಗೆಯೊಂದನ್ನು ಹೊದಿಸಿದರು. ಜಗ್ಗಿದ ಮಂಚ ಹೋಗಿ, ಕುಳಿತರೆ ಪಾದಗಳು ನೆಲಕ್ಕೆ ಪೂರ್ತಿ ತಗಲುವ ಹಲಗೆಮಂಚ ಬಂದಿತು. ಮಂಚದಿಂದ ಹಿತ್ತಲವರೆಗೆ ರಾತ್ರಿಯೆಲ್ಲ ಉರಿಯುವ ಎರಡು ಸಣ್ಣ ದೀಪಗಳಾದವು. ಬಚ್ಚಲಿನ ನುಣುಪು ಕಲ್ಲನ್ನು ತೆಗೆದು ಒರಟು ಕಲ್ಲು ಹಾಸಿದರು. ಹಿಡಿದುಕೊಳ್ಳಲು ಕಬ್ಬಿಣದ ಕೊಳವೆ ಬೇಕಾಗಿತ್ತು; ಮಣ್ಣಿನ ಗೋಡೆ ಅದರ ಭಾರವನ್ನು ತಡೆಯದೆಂದು ಗಾರೆಯವನೇ ಎಚ್ಚರಿಸಿ ನೆಲದಿಂದಲೇ ಕಂಬ ನಿಲ್ಲಿಸಿದನು. ಟವೆಲು ಹಾಕುವ ಸರಳನ್ನು ಹಿಡಿದು ಏಳುವ ಹಿರಿಯರು ಎಷ್ಟೋ ಮಂದಿ. ಅದು ಟವೆಲಿನ ಭಾರಕ್ಕೆ ಮಾತ್ರ ಹಾಕಿದ್ದೆಂಬುದನ್ನು ಮನೆಯವರು ಮರೆಯಬಾರದು.

ಹೊಸ್ತಿಲನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಅದು ಪೂಜೆಗೊಳ್ಳುವ ಸ್ಥಳ. ಸೊಸೆ ದಿನವೂ ಅದಕ್ಕೆ ಅರಿಶಿನ ಬಳಿದು ಕುಂಕುಮವಿಡುತ್ತಾಳೆ. ಮಬ್ಬುಗಣ್ಣಿಗೆ ಆ ಹಳದಿ ಪಟ್ಟಿಯೇ ಎಚ್ಚರಿಕೆಯಾಗಿದೆ. ಬಾಗಿಲ ಪಕ್ಕದಲ್ಲಿ ಒಂದು ಹಿಡಿಯನ್ನು ಸೇರಿಸಿದ್ದಷ್ಟೇ ಹೊಸದು.

ಅಲ್ಲಿಂದ ಕೊಯಮತ್ತೂರಿಗೆ ಹೋದೆವು. ನಗರದ ಪಶ್ಚಿಮಕ್ಕೆ, ಮರುದಮಲೆಯ ದಾರಿಯಲ್ಲಿ ವಡವಳ್ಳಿ ಇದೆ. ಈ ಶತಮಾನದಲ್ಲಿ ವಡವಳ್ಳಿಯೂ ಸೇರಿದಂತೆ ಕೊಯಮತ್ತೂರಿನ ಸುತ್ತಮುತ್ತ ನಿವೃತ್ತ ಹಿರಿಯರಿಗೆಂದೇ ಬಡಾವಣೆಗಳು ಎದ್ದಿವೆ. ಕರ್ನಲ್ ಅಚಲ್ ಶ್ರೀಧರನ್ ಅವರು ಸ್ಥಾಪಿಸಿದ ಕೋವೈ ಕೇರ್ ಸಂಸ್ಥೆ ಈ ಕ್ಷೇತ್ರದಲ್ಲಿ ಮೊದಲಿಗರ ಸಾಲಿನದು. ಹಿತವಾದ ಹವೆ, ಒಳ್ಳೆಯ ಆಸ್ಪತ್ರೆಗಳು ಇವೆಯೆಂದು ದೂರದೂರದ ಹಿರಿಯರೂ ಇಲ್ಲಿ ಬಂದು ನೆಲಸುತ್ತಾರೆ.

ಅಂತಹ ಒಂದು ಬಡಾವಣೆಯನ್ನು ಸುತ್ತಿ ನೋಡಿದೆವು. ಬಾಗಿಲುಗಳು ಗಾಲಿಕುರ್ಚಿ ಸರಾಗವಾಗಿ ಹೋಗುವಷ್ಟು ಅಗಲ. ಕೋಣೆಯಿಂದ ಕೋಣೆಗೆ ಹೊಸ್ತಿಲೇ ಇಲ್ಲ. ಶೌಚಾಲಯದಲ್ಲಿ ಕುರ್ಚಿಯೆತ್ತರದ ಪೀಠ, ಇಬ್ಬದಿಗೂ ಹಿಡಿ, ಕೈಗೆಟಕುವಲ್ಲಿ ಕರೆಗಂಟೆ. "ರಾತ್ರಿ ಏನಾದರೂ ಆದರೆ ಗಂಟೆ ಒತ್ತಿದರೆ ಬರುತ್ತಾರೆ. ಮಕ್ಕಳು ಪರದೇಶದಲ್ಲಿರುವ ನನಗೆ ಅದೇ ದೊಡ್ಡ ಧೈರ್ಯ" ಎಂದು ಮೈಸೂರು ಕಡೆಯ ತಾಯಿಯೊಬ್ಬರು ಹೇಳಿದರು. ಆ ಧೈರ್ಯವನ್ನು ನಾವು ಹಗುರವಾಗಿ ಕಾಣಲಾರೆವು. ಆದರೆ ಅದನ್ನು ಕೊಳ್ಳುವ ಶಕ್ತಿ ಎಷ್ಟು ನೇಕಾರರಿಗಿದೆ? ಶಕ್ತಿಯಿದ್ದರೂ ತಿಣ್ಣೆಯನ್ನೂ ತಿಣ್ಣೆಯ ಮಾತನ್ನೂ ಅಲ್ಲಿಗೆ ಕೊಂಡೊಯ್ಯಲಾದೀತೆ? ಬಡಾವಣೆಯನ್ನು ಊರಿಗೆ ತರಲಾಗದು. ಅಲ್ಲಿಯ ವಿವೇಕವನ್ನು ತರಬಹುದು.

ತರುವಾಗ ಸ್ವಲ್ಪ ಲೆಕ್ಕವೂ ಬೇಕು. ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿಯಂತೆ ಇಳಿಜಾರು ಹನ್ನೆರಡಕ್ಕೆ ಒಂದರಷ್ಟಿರಬೇಕು. ಅಂದರೆ ಅರ್ಧ ಅಡಿ ಎತ್ತರಕ್ಕೆ ಆರಡಿ ಉದ್ದ. ತಿಣ್ಣೆ ಎರಡಡಿ ಎತ್ತರವಿದ್ದರೆ ಇಪ್ಪತ್ನಾಲ್ಕು ಅಡಿ ಬೇಕು. ನೇಕಾರರ ಓಣಿಯಲ್ಲಿ ಅಷ್ಟು ಜಾಗವೆಲ್ಲಿ? ಜಾಗವಿಲ್ಲವೆಂದು ಕಡಿದಾದ ಇಳಿಜಾರನ್ನು ಕಟ್ಟಿದರೆ ಅದು ಮೆಟ್ಟಿಲಿಗಿಂತ ಅಪಾಯ. ನಡೆಯಬಲ್ಲ ಹಿರಿಯರಿಗೆ ಗಿಡ್ಡ ಮೆಟ್ಟಿಲುಗಳನ್ನು ಕಟ್ಟಿ, ಸೊಂಟದೆತ್ತರಕ್ಕೆ ಕೈಪಿಡಿ ಕೊಡುವುದೇ ಲೇಸು.

ಕೊನೆಯ ದಿನ ಅವಿನಾಶಿಯ ಮಾರ್ಗವಾಗಿ ತಿರುಪ್ಪೂರಿಗೆ ಹೋಗಿ ಆ ನೇಕಾರರ ಮಗನನ್ನು ಕಂಡೆವು. ಅವನ ಮಾತಿನಲ್ಲಿ ನ್ಯಾಯವಿತ್ತು. "ಹಿಡಿ ಹಾಕಿಸಿದ್ದೇನೆ, ದೀಪ ಹಾಕಿಸಿದ್ದೇನೆ ಸಾರ್. ನನ್ನ ಹೆಂಡತಿ ಕೂಲಿಮಗ್ಗಕ್ಕೆ ಹೋದಾಗ ಅಪ್ಪ ಬಿದ್ದರೆ ಎತ್ತುವವರು ಯಾರು?" ಈ ಪ್ರಶ್ನೆಗೆ ಮರ, ಕಲ್ಲು, ಕಬ್ಬಿಣಗಳಲ್ಲಿ ಉತ್ತರವಿಲ್ಲ. ಅವನು ಕಂಡುಕೊಂಡ ಉಪಾಯ ಸರಳವಾದದ್ದು: ತಂದೆಯ ಮಂಚದ ಬಳಿ ಗುಂಡಿ, ಪಕ್ಕದ ಮನೆಯ ಗೋಡೆಯಲ್ಲಿ ಗಂಟೆ. ಆ ಮನೆಯವರು ಸಂತೋಷದಿಂದ ಒಪ್ಪಿದರಂತೆ.

ಮಕ್ಕಳು ತಂದೆತಾಯಿಗಳನ್ನು ಪೋಷಿಸಬೇಕೆಂದು 2007ರಲ್ಲಿಯೇ ಕೇಂದ್ರ ಶಾಸನವಾಗಿದೆ. ಸಂಕಟದಲ್ಲಿರುವ ಹಿರಿಯರಿಗಾಗಿ 14567 ಎಂಬ ಉಚಿತ ಸಹಾಯವಾಣಿಯೂ ಇದೆ. ಇವು ಬೇಕು. ಆದರೆ ಬಚ್ಚಲಿನಲ್ಲಿ ಹಿಡಿಯನ್ನು ನೆಡುವ ಕೆಲಸವನ್ನು ಯಾವ ಶಾಸನವೂ ಮಾಡಿಕೊಡದು. ಹಿರಿಯರು ಮನೆಗೆ ಒಗ್ಗಿಕೊಳ್ಳಲೆಂದು ನಾವು ಇಷ್ಟು ಕಾಲ ಕಾದಿದ್ದೇವೆ. ಇನ್ನು ಮನೆ ಅವರಿಗೆ ಒಗ್ಗಬೇಕು.

ವಾಚಕ ಬಂಧುಗಳು ಇಂದೇ ಒಂದು ಕೆಲಸ ಮಾಡಬೇಕೆಂದು ನಮ್ಮ ಬಿನ್ನಹ. ರಾತ್ರಿ ಊಟವಾದ ಮೇಲೆ ಮನೆಯ ಹಿರಿಯರು ಮಲಗುವ ಜಾಗದಿಂದ ಬಚ್ಚಲವರೆಗೆ ಅವರ ಜೊತೆಯಲ್ಲಿ, ಅವರ ಹೆಜ್ಜೆಯಲ್ಲಿಯೇ ನಡೆಯಿರಿ. ಅವರು ಎಲ್ಲೆಲ್ಲಿ ಗೋಡೆಗೆ ಕೈಯೂರುತ್ತಾರೋ ಅಲ್ಲಲ್ಲಿ ಸೀಮೆಸುಣ್ಣದಿಂದ ಒಂದು ಗುರುತು ಹಾಕಿರಿ. ಬೆಳಿಗ್ಗೆ ಬಡಗಿ ಬಂದಾಗ ಎಲ್ಲಿ ಹಿಡಿ ಬೇಕೆಂಬುದನ್ನು ನೀವು ಹೇಳಬೇಕಾಗಿಯೇ ಇಲ್ಲ.