ಕಂಡದ್ದನ್ನೇ ಬರೆಯುವ ನೇಮ

ಹೊಳೆನರಸೀಪುರದ ಹೇಮಾವತಿ ದಂಡೆ, ಚನ್ನರಾಯಪಟ್ಟಣದ ಕೆರೆ, ಅರಕಲಗೂಡಿನ ಗದ್ದೆಬಯಲು, ಇವೇ ನನ್ನ ಪಕ್ಷಿಪಟ್ಟಿಯ ಸೀಮೆ. ಅದಕ್ಕೆ ಕೆಲವು ನೇಮಗಳನ್ನು ವಿಧಿಸಿಕೊಂಡಿದ್ದೇನೆ. ಪಂಜರದ ಹಕ್ಕಿ ಪಟ್ಟಿಗೆ ಸೇರದು. ಸಂದೇಹವಿದ್ದರೆ ಹೆಸರಿನ ಜಾಗ ಖಾಲಿಯಿರಲಿ. ಗೂಡಿನ ನೆಲೆಯನ್ನು ಯಾರಿಗೂ ತಿಳಿಸಲಾಗದು. ಕೋಗಿಲೆಯ ದನಿ ಮಾತ್ರ ಕೇಳಿದ್ದರೆ ‘ಕೇಳಿದ್ದು’ ಎಂದೇ ಬರೆಯಬೇಕು.

ಸಂಖ್ಯೆ ಬೆಳೆಸುವ ಚಪಲ ಎಲ್ಲರಿಗೂ ಉಂಟು. ಆದರೆ ಪಟ್ಟಿಯ ಬೆಲೆ ಸಂಖ್ಯೆಯಲ್ಲಿಲ್ಲ. ಸಲೀಂ ಅಲಿಯವರು 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿ ಬರೆದಿಟ್ಟದ್ದರಿಂದಲೇ, ಅಂದು ಇದ್ದುದನ್ನು ಇಂದಿನದರೊಡನೆ ತೂಗಿ ನೋಡಬಹುದಾಗಿದೆ. ಆದ್ದರಿಂದ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತಿಗೆ ಒಂದು ಸಾಲಾದರೆ, ಅಂಗಳದ ಗುಬ್ಬಿಗೂ ಒಂದು ಸಾಲು. ಏನೂ ಕಾಣದ ದಿನವನ್ನೂ ದಿನಾಂಕ ಸಹಿತ ಬರೆಯಬೇಕು. ಹಕ್ಕಿಗಳು ಬಿಟ್ಟುಹೋದ ಕೆರೆಗೆ ಬೇರೆ ಸಾಕ್ಷಿ ಯಾರು?