ಸ್ಟಾರ್ಟರಿಗೆ ಸಿಕ್ಕಿಸಿದ ಕಡ್ಡಿ

ಹದಿನೈದು ದಿನದಿಂದ ಏನೂ ಬರೆದಿರಲಿಲ್ಲ. ಸಂತೇಲಿ ಸಿಕ್ಕ ಒಂದಿಬ್ಬರು "ಯಾಕಣ್ಣ, ಬರೆಯೋದು ನಿಲ್ಲಿಸಿಬಿಟ್ರಾ" ಅಂತ ಕೇಳಿದ್ರು. ನಿಲ್ಲಿಸಿಲ್ಲ ಕಣ್ರಪ್ಪ, ಅಡುಗೆ ಮಾಡ್ತಿದ್ದೆ. ಹೌದು, ನಾನೇ. ನಮ್ಮನೆಯವಳು ತುಮಕೂರಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ಯಾಕೆ ಅನ್ನೋದನ್ನ ಆಮೇಲೆ ಹೇಳ್ತೀನಿ. ಮನೆಯಲ್ಲಿ ಈಗ ನಾನು, ನಮ್ಮವ್ವ, ಎರಡು ಹಸು, ಒಂದು ಕರು. ಹಸುಗಳಿಗೆ ಹಾಕೋದು ನನಗೆ ಗೊತ್ತು. ಅವ್ವನಿಗೆ ಹಾಕೋದು ಈಗ ಕಲೀತಿದ್ದೀನಿ.

ಎರಡನೇ ದಿನವೇ ಅಡುಗೆಮನೆಯಲ್ಲಿ ಢಂ ಅಂತು. ಸೊಪ್ಪಿನ ಸಾರು ಮಾಡೋಣ ಅಂತ ತೊಗರಿಬೇಳೆ ಕುಕ್ಕರಿಗೆ ಹಾಕಿದ್ದೆ. ಇಬ್ಬರಿಗೆ ಎಷ್ಟು ಬೇಳೆ ಬೇಕು ಅನ್ನೋ ಅಂದಾಜಿಲ್ಲ, ಎರಡು ಹಿಡಿ ಜಾಸ್ತೀನೇ ಬಿತ್ತು. ನೀರೂ ಕಂಠದವರೆಗೆ. ಹತ್ತು ನಿಮಿಷ ಆಯ್ತು, ಹದಿನೈದು ನಿಮಿಷ ಆಯ್ತು, ವಿಷಲ್ಲೇ ಬರಲಿಲ್ಲ. ಉರಿ ಸಾಲದೇನೋ ಅಂತ ಇನ್ನೂ ಜೋರು ಮಾಡಿ, ಹಸುಗೆ ನೀರು ತೋರಿಸೋಕೆ ಹೋದೆ. ಅಷ್ಟರಲ್ಲಿ ಆ ಸದ್ದು. ಓಡಿ ಬಂದು ನೋಡಿದ್ರೆ ಬೇಳೆಯೆಲ್ಲ ಗೋಡೆಗೆ, ತೊಲೆಗೆ, ಕ್ಯಾಲೆಂಡರಿಗೆ. ಅವ್ವ ಜಗಲಿಯಿಂದ "ಏನೋ ಅದು, ಟ್ರಾನ್ಸ್‌ಫಾರ್ಮರ್ ಹೋಯ್ತಾ" ಅಂತ ಕೂಗಿದ್ಲು. "ಇಲ್ಲ ಕಣವ್ವ, ಸಾರು ಹೋಯ್ತು" ಅಂದೆ.

ಮುಚ್ಚಳ ತಗೊಂಡು ಪೇಟೆಗೆ ಹೋದೆ. ಕುಕ್ಕರ್ ರಿಪೇರಿಯವನು ನೋಡಿದ ತಕ್ಷಣ ಹೇಳಿದ. ಬೇಳೆಯ ನೊರೆ ಮೇಲೆ ಬಂದು ವೆಯ್ಟ್ ಕೂರೋ ಕೊಳವೆ ಕಟ್ಟಿಕೊಂಡಿದೆ, ಆವಿಗೆ ದಾರಿ ಇಲ್ಲದೆ ಸೇಫ್ಟಿ ವಾಲ್ವ್ ಕಿತ್ತುಕೊಂಡಿದೆ. "ವಾಲ್ವ್ ಹೋಗಿದ್ದಕ್ಕೆ ಕುಕ್ಕರ್ ಉಳೀತು. ಕುಕ್ಕರ್ ಉಳಿದಿದ್ದಕ್ಕೆ ನೀವು ಉಳಿದ್ರಿ" ಅಂದ. ಬೇಳೆ ಬೇಯಿಸುವಾಗ ಕುಕ್ಕರಿನ ಅರ್ಧಕ್ಕಿಂತ ಜಾಸ್ತಿ ತುಂಬಬಾರದಂತೆ. ಮುಚ್ಚೋ ಮುಂಚೆ ಕೊಳವೆಯನ್ನ ಬೆಳಕಿಗೆ ಹಿಡಿದು ಆಚೆ ಕಡೆ ಕಾಣುತ್ತಾ ನೋಡಬೇಕಂತೆ. ಎರಡು ತೊಟ್ಟು ಎಣ್ಣೆ ಬಿಟ್ಟರೆ ನೊರೆ ಕಮ್ಮಿ. ನಮ್ಮನೆಯವಳು ಇದನ್ನೆಲ್ಲ ದಿನಾ ಮಾಡ್ತಿದ್ಲು. ನಾನು ನೋಡೇ ಇರಲಿಲ್ಲ.

ಅವನೇ ಇನ್ನೊಂದು ಮಾತು ಹೇಳಿದ. "ಕೆಲವರು ವಾಲ್ವ್ ಪದೇ ಪದೇ ಹೋಗುತ್ತೆ ಅಂತ ಆ ತೂತಿಗೆ ಬೋಲ್ಟ್ ಬಿಗಿದುಬಿಡ್ತಾರೆ ಸಾರ್." ಅಂಗಡಿಯಲ್ಲಿದ್ದ ನಾಲ್ಕು ಜನ ನಕ್ಕರು. ನಾನೂ ನಕ್ಕೆ. ಗಾಡಿ ಹತ್ತಿ ಊರ ಕಡೆ ಬರುವಾಗ ನಗು ನಿಂತುಹೋಯ್ತು. ಯಾಕಂದ್ರೆ ಹೋದ ವರ್ಷ ನಾನು ಮಾಡಿದ್ದು ಅದನ್ನೇ.

ನಿಮಗೆ ಗೊತ್ತು, ನಮಗೆ ತ್ರೀ ಫೇಸ್ ಕರೆಂಟು ಪಾಳಿಯಲ್ಲಿ ಬರುತ್ತೆ, ಎಷ್ಟೋ ಸಲ ರಾತ್ರೀನೇ. ಬಂದ ತಕ್ಷಣ ಸುತ್ತಲಿನ ಮೋಟಾರೆಲ್ಲ ಒಟ್ಟಿಗೇ ಶುರು. ವೋಲ್ಟೇಜ್ ಕುಸಿಯುತ್ತೆ. ವೋಲ್ಟೇಜ್ ಕುಸಿದಷ್ಟೂ ಮೋಟಾರು ಆಂಪ್ಸ್ ಜಾಸ್ತಿ ಎಳೆಯುತ್ತೆ, ಕಾಯುತ್ತೆ, ಸ್ಟಾರ್ಟರಿನ ರಿಲೇ ಟ್ರಿಪ್ ಆಗುತ್ತೆ. ನನ್ನದು 5 ಎಚ್‌ಪಿ ಸಬ್‌ಮರ್ಸಿಬಲ್. ಹೋದ ಏಪ್ರಿಲ್‌ನಲ್ಲಿ ಒಂದೊಂದು ರಾತ್ರಿ ನಾಲ್ಕು ಸಲ ಎದ್ದು ತೋಟಕ್ಕೆ ಹೋಗಿದ್ದೀನಿ. ಕೊನೆಗೆ ಒಂದಿನ ಬೇಜಾರಾಗಿ ಎಲ್ಲರೂ ಮಾಡೋ ಕೆಲಸ ಮಾಡಿದೆ. ಸ್ಟಾರ್ಟರ್ ಮುಚ್ಚಳ ತೆಗೆದು, ಒಳಗಿನ ಪಟ್ಟಿ ಮತ್ತೆ ಹಿಂದಕ್ಕೆ ಬರದ ಹಾಗೆ ಒಂದು ಒಣ ಕಡ್ಡಿ ಸಿಕ್ಕಿಸಿದೆ. ಕರೆಂಟು ಬಂದ್ರೆ ತಾನೇ ಓಡುತ್ತೆ, ಹೋದ್ರೆ ನಿಲ್ಲುತ್ತೆ. ಟ್ರಿಪ್ ಅನ್ನೋ ಮಾತೇ ಇಲ್ಲ. ಹನ್ನೊಂದು ದಿನ ನೆಮ್ಮದಿಯಾಗಿ ನಿದ್ದೆ ಮಾಡಿದೆ.

ಹನ್ನೆರಡನೇ ರಾತ್ರಿ ಒಂದು ಫೇಸ್ ಹೋಯ್ತು. ಮೂರು ಫೇಸ್ ಹೊರೋ ಭಾರ ಉಳಿದ ಎರಡರ ಮೇಲೆ ಬಿತ್ತು. ರಿಲೇ ತನ್ನ ಕೆಲಸ ಮಾಡಿತ್ತು, ಆದ್ರೆ ಪಟ್ಟಿಯನ್ನ ನನ್ನ ಕಡ್ಡಿ ಹಿಡಿದುಕೊಂಡಿತ್ತು. ಬೆಳಿಗ್ಗೆ ಹೋದ್ರೆ ಪೈಪಿನಲ್ಲಿ ನೀರಿಲ್ಲ. ಪೈಪು ಎತ್ತಿಸಿ, ಮೋಟಾರು ಬಿಚ್ಚಿಸಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸೋ ಹೊತ್ತಿಗೆ ಹದಿನಾಲ್ಕು ಸಾವಿರ ಚಿಲ್ಲರೆ. ಒಂಬತ್ತು ದಿನ ನೀರಿಲ್ಲದೆ ಎಳೆ ತೆಂಗಿನ ಗರಿ ಜೋತುಬಿದ್ದವು. ವೈಂಡಿಂಗ್ ಅಂಗಡಿಯವನು ಸುಟ್ಟ ತಂತಿ ಕೈಗೆ ಕೊಟ್ಟು, "ಕಡ್ಡಿ ಇಟ್ಟಿದ್ರಾ" ಅಂತ ಕೇಳಿದ. ಇಲ್ಲ ಅಂದೆ. ಅವನಿಗೆ ಗೊತ್ತಾಯ್ತು. ಎಸ್ಸೆಸ್ಸೆಲ್ಸಿಯಲ್ಲಿ ಫ್ಯೂಸ್ ಯಾಕೆ ಬೇಕು ಅಂತ ಪ್ರಶ್ನೆ ಬಂದಿತ್ತು, ಬರೆದು ಮಾರ್ಕೂ ತಗೊಂಡಿದ್ದೆ. ಬರೆದಿದ್ದು ಮಾರ್ಕಿಗೆ ಅಷ್ಟೆ.

ಈಗ ಬೇರೆ ವಿಷಯ ಹೇಳ್ತೀನಿ. ಬೇರೆ ಏನಲ್ಲ, ಅದೇ ವಿಷಯ.

ಹದಿನೆಂಟು ದಿನದ ಹಿಂದೆ ನಮ್ಮನೆಯವಳು ಹಾಲು ಕರೆದು ಎದ್ದವಳು ಹಾಗೇ ಗೋಡೆ ಹಿಡ್ಕೊಂಡು ಕೂತ್ಲು. ಹಾಲೆಲ್ಲ ಚೆಲ್ಲಿತು. ಮುಖ ಸುಣ್ಣ ಬಳಿದಂಗಿತ್ತು. ಗಾಡಿಯಲ್ಲಿ ಕೂರೋಕೂ ಆಗಲಿಲ್ಲ, ಆಟೋ ಮಾಡಿಸಿಕೊಂಡು ಆಸ್ಪತ್ರೆಗೆ ಹೋದ್ವಿ. ರಕ್ತ ಪರೀಕ್ಷೆ ಮಾಡಿದ್ರು. ಹಿಮೋಗ್ಲೋಬಿನ್ 7.2. ಹೆಣ್ಣುಮಕ್ಕಳಿಗೆ 12 ಆದ್ರೂ ಇರಬೇಕಂತೆ. ಡಾಕ್ಟರಮ್ಮ ಕೇಳಿದ್ರು, "ಎಷ್ಟು ದಿನದಿಂದಮ್ಮ ಈ ಸುಸ್ತು?" ಇವಳು ಒಂದು ಸಲ ನನ್ನ ಮುಖ ನೋಡಿದ್ಲು. "ಎರಡು ವರ್ಷ ಆಯ್ತು ಮೇಡಂ. ಇವರಿಗೂ ಹೇಳಿದ್ದೆ" ಅಂದ್ಲು. ದೂರೋ ಥರ ಅಲ್ಲ. ಲೆಕ್ಕ ಒಪ್ಪಿಸೋ ಥರ.

ಹೇಳಿದ್ದು ನಿಜ. "ಯಾಕೋ ಮೈಯಲ್ಲಿ ಶಕ್ತೀನೇ ಇಲ್ಲ ಕಣ್ರೀ" ಅಂತ ಎಷ್ಟೋ ಬೆಳಿಗ್ಗೆ ಹೇಳಿದ್ಲು. ಬಿಂದಿಗೆ ಹೊತ್ತು ಬಂದು ಮೆಟ್ಟಿಲ ಮೇಲೆ ಕೂರ್ತಿದ್ಲು. ನಾನು ಪ್ರತಿ ಸಲ ಹೇಳ್ತಿದ್ದಿದ್ದು ಒಂದೇ ಮಾತು, "ಒಂದು ಲೋಟ ಕಾಫಿ ಕುಡಿ, ಸರಿಹೋಗುತ್ತೆ." ಅವಳು ಕುಡೀತಿದ್ಲು, ಎದ್ದು ಕೆಲಸ ಮಾಡ್ತಿದ್ಲು. ನಾನು ಸರಿಹೋಯ್ತು ಅಂದ್ಕೊಂಡೆ. ತಿಂಗಳ ತೊಂದರೆ ವಿಪರೀತ ಆಗಿದ್ದನ್ನ ಯಾರಿಗೂ ಹೇಳದೆ ನುಂಗಿಕೊಂಡಿದ್ಲಂತೆ. ಇಪ್ಪತ್ತೆಂಟು ವರ್ಷ ಸಂಸಾರ ಮಾಡಿದ್ದೀನಿ, ಅದೂ ಆಸ್ಪತ್ರೆಯಲ್ಲೇ ಗೊತ್ತಾಗಿದ್ದು. ಸ್ಕ್ಯಾನಿಂಗ್ ಮಾಡಿಸಿದ್ವಿ. ಗಾಬರಿ ಪಡೋದೇನಿಲ್ಲ, ಆದ್ರೆ ಔಷಧಿ ಬೇಕು, ರೆಸ್ಟ್ ಬೇಕು ಅಂದ್ರು. ಕಬ್ಬಿಣದ ಇಂಜೆಕ್ಷನ್ ಡ್ರಿಪ್‌ನಲ್ಲಿ ಕೊಟ್ರು, ಮಾತ್ರೆ ಬರೆದ್ರು.

ಮಾತ್ರೆ ಚೀಟಿ ಕೊಡುವಾಗ ಡಾಕ್ಟರಮ್ಮ ಹೇಳಿದ್ದು ಕೇಳಿ. "ಮಾತ್ರೆ ಹತ್ತಿರ ಹತ್ತಿರ ಕಾಫಿ ಟೀ ಕುಡೀಬೇಡಿ, ಊಟದ ಜೊತೇಲೂ ಬೇಡ. ಕಬ್ಬಿಣದ ಅಂಶ ಮೈಗೆ ಹತ್ತಲ್ಲ. ನಿಂಬೆಹಣ್ಣಿನ ನೀರಿನ ಜೊತೆ ತಗೊಳ್ಳಿ." ನಾನು ಹೊರಗೆ ಬಂದು ಬೇವಿನ ಮರದ ಕೆಳಗೆ ಸ್ವಲ್ಪ ಹೊತ್ತು ನಿಂತೆ. ಎರಡು ವರ್ಷ ನಾನು ಕೊಟ್ಟ ಕಾಫಿಯೇ ಆ ಕಡ್ಡಿ.

ಅದಕ್ಕೇ ಅವಳು ಮಗಳ ಮನೆಯಲ್ಲಿದ್ದಾಳೆ. ಇಲ್ಲಿದ್ರೆ ರೆಸ್ಟ್ ಮಾಡಲ್ಲ ಅಂತ ಮಗಳೇ ಕರ್ಕೊಂಡು ಹೋದ್ಲು. ಹೋಗುವಾಗ ನನಗೆ, "ಅಪ್ಪಾ, ಅಮ್ಮನಿಗೆ ಫೋನ್ ಮಾಡಿ ಸಾರಿನಪುಡಿ ಎಲ್ಲಿದೆ ಅಂತ ಮಾತ್ರ ಕೇಳಬೇಡ, ಹುಡುಕ್ಕೋ" ಅಂದ್ಲು.

ಹುಡುಕ್ಕೊಂಡೆ. ಹಿಟ್ಟು ತೊಳಸೋದನ್ನ ಅವ್ವ ಜಗಲಿಯಲ್ಲಿ ಕೂತೇ ಕಲಿಸಿದ್ಲು. ಮೊದಲು ಒಂದು ಹಿಡಿ ಹಿಟ್ಟು ತಣ್ಣೀರಿಗೆ ಕಲಸಿ ಎಸರಿಗೆ ಬಿಡು, ಕುದಿ ಬಂದ ಮೇಲೆ ಮಿಕ್ಕ ಹಿಟ್ಟು ಸುರಿ, ನಡುವೆ ಕೋಲು ನೆಟ್ಟು ಸಣ್ಣ ಉರಿಯಲ್ಲಿ ಬೇಯೋಕೆ ಬಿಡು, ಅವಸರ ಮಾಡಿದ್ರೆ ಗಂಟು. ಮೂರು ದಿನ ಗಂಟು ಬಂತು. ನಾಲ್ಕನೇ ದಿನ ಅವ್ವ ಏನೂ ಹೇಳದೆ ಎರಡನೇ ಮುದ್ದೆ ಇಸ್ಕೊಂಡ್ಲು. ನಲವತ್ತು ವರ್ಷ ರಾಗಿ ಬೆಳೆದವನಿಗೆ ಅಂಥಾ ಸರ್ಟಿಫಿಕೇಟ್ ಯಾರೂ ಕೊಟ್ಟಿರಲಿಲ್ಲ.

ಹೋದ ವಾರ ಕಾಯಿ ಕೆಡವೋರು ನಾಲ್ಕು ಜನ ಬಂದ್ರು. ಹುರುಳಿಕಾಳು, ದಂಟಿನ ಸೊಪ್ಪು ಹಾಕಿ ಬಸ್ಸಾರು ಮಾಡಿದೆ. ಬೇಯಿಸಿ, ಕಟ್ಟು ಬಸಿದು, ಒಂದು ಹಿಡಿ ಬೆಂದ ಕಾಳನ್ನ ಖಾರದ ಜೊತೆ ರುಬ್ಬಿ ಸಾರು, ಮಿಕ್ಕ ಸೊಪ್ಪು ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ. ಚೆನ್ನಾಗಿತ್ತು ಅಂತ ಕಾಣುತ್ತೆ, ಎಲ್ಲರೂ ಎರಡೆರಡು ಸಲ ಪಲ್ಯ ಹಾಕಿಸ್ಕೊಂಡ್ರು. ಎಲ್ಲರದೂ ಆದ ಮೇಲೆ ನಾನು ತಟ್ಟೆ ಇಟ್ಕೊಂಡು ಕೂತೆ. ಪಾತ್ರೆಯಲ್ಲಿ ಪಲ್ಯ ಇಲ್ಲ. ತಳದಲ್ಲಿ ಒಂದು ಸೌಟು ಸಾರು, ಅಂಗೈಯಷ್ಟು ಸೀಕು ಹಿಡಿದ ಹಿಟ್ಟು. ಅದನ್ನೇ ತಿಂದೆ. ತಿನ್ನುವಾಗ ಹೊಳೀತು, ಮಾಡಿದವರು ಕೊನೆಗೆ ತಿಂದ್ರೆ ಉಳಿಯೋದು ಇಷ್ಟೇ. ಸೊಪ್ಪು ಬೆಳೆದಿದ್ದು ಅವಳು, ಬಿಡಿಸಿದ್ದು ಅವಳು, ತಿಂದಿದ್ದು ನಾವು. ರಕ್ತ ಯಾಕೆ ಕಮ್ಮಿ ಆಯ್ತು ಅಂತ ಆಸ್ಪತ್ರೆಯಲ್ಲಿ ಕೇಳಿದ್ದೆ. ಒಂದು ಕಾರಣ ನನ್ನ ತಟ್ಟೆಯಲ್ಲೇ ಇತ್ತು.

ಉಪದೇಶ ಮಾಡೋ ಯೋಗ್ಯತೆ ನನಗಿಲ್ಲ. ನಾನು ಮಾಡಿದ್ದನ್ನ ಹೇಳ್ತೀನಿ, ಬೇಕಾದ್ರೆ ತಗೊಳ್ಳಿ.

ಮೋಟಾರಿಗೆ: ಕಡ್ಡಿ ಬಿಸಾಕಿ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೀನಿ. ಮನೆಯಿಂದಲೇ ಆನ್ ಮಾಡಬಹುದು, ಫೇಸ್ ಹೋದ್ರೆ, ಬೋರಲ್ಲಿ ನೀರು ಕಮ್ಮಿ ಆದ್ರೆ ತಾನೇ ನಿಲ್ಲುತ್ತೆ. ಅದು ಆಗಲ್ಲ ಅನ್ನೋರು ಕನಿಷ್ಠ ಮೋಟಾರು ಇಳಿಸೋ ಮುಂಚೆ ಅದರ ಪ್ಲೇಟಿನ ಫೋಟೊ ಹೊಡ್ಕೊಂಡಿರಿ. ಅದರಲ್ಲಿ ಬರೆದಿರೋ ಆಂಪ್ಸ್‌ಗಿಂತ ಮೇಲಕ್ಕೆ ರಿಲೇ ತಿರುಗಿಸಬೇಡಿ. ಪದೇ ಪದೇ ಟ್ರಿಪ್ ಆದ್ರೆ ರಿಲೇನ ಬೈಬೇಡಿ, ಅದು ಯಾಕೆ ಕೂಗ್ತಿದೆ ಅಂತ ನೋಡಿ.

ಮನೆಗೆ: ಯಾರಾದ್ರೂ ಎರಡು ಸಲ ಸುಸ್ತು ಅಂದ್ರೆ ರಕ್ತ ಪರೀಕ್ಷೆ ಮಾಡಿಸಿ. ಮೋಟಾರು ಎತ್ತಿಸಿದ ಖರ್ಚಿನ ಮುಂದೆ ಅದು ಏನೂ ಅಲ್ಲ. ಮೋಟಾರನ್ನಾದ್ರೆ ವೈಂಡಿಂಗ್ ಮಾಡಿಸಬಹುದು.

ಭಾನುವಾರ ಅವಳನ್ನ ಕರ್ಕೊಂಡು ಬರ್ತಿದ್ದೀನಿ. ಮೊನ್ನೆ ಪರೀಕ್ಷೆ ಮಾಡಿಸಿದಾಗ 8.6 ಆಗಿದೆಯಂತೆ. ಫೋನಿನಲ್ಲಿ "ಅಡುಗೆಮನೆ ಏನು ಗತಿ ಮಾಡಿಟ್ಟಿದ್ದೀರೋ" ಅಂದ್ಲು. ತೊಲೆ ಮೇಲಿನ ಬೇಳೆ ಇನ್ನೂ ಹೋಗಿಲ್ಲ, ಅದನ್ನ ಹೇಳಲಿಲ್ಲ. ಬಂದ ದಿನ ಬಸ್ಸಾರೇ ಮಾಡ್ತೀನಿ. ಪಲ್ಯವನ್ನ ಮೊದಲು ಅವಳ ತಟ್ಟೆಗೆ ಬಡಿಸಿ, ಆಮೇಲೆ ನಮಗೆ.

ಪಾಳಿ ಕರೆಂಟು ಬರೋ ಹೊತ್ತಾಯ್ತು. ಉಳಿದಿದ್ದು ಮುಂದಿನ ಸಲ.