ಅಕ್ಕನ ಕಾರು, ಅವ್ವನ ಹುಳುಮನೆ

ನಮ್ಮ ಅಕ್ಕನ ಹತ್ತಿರ ಒಂದು ಕೆಂಪು ಕಾರಿದೆ. ಎರಡೇ ಸೀಟು, ಮೇಲೆ ಕಪ್ಪು ಬಟ್ಟೆಯ ಟಾಪು, ಕೂತರೆ ಸೊಂಟ ರಸ್ತೆಗೆ ತಾಗುತ್ತೇನೋ ಅನ್ನುವಷ್ಟು ತಗ್ಗು. ಚಳಿ ದೇಶದಲ್ಲಿ ಹುಟ್ಟಿದ ಗಾಡಿ, ಮೂರು ಕೈ ಬದಲಾಗಿ ನಮ್ಮ ಭಾವನ ಕೈಗೆ ಬಂತು. ಯಾವ ಕಂಪನಿಯದ್ದು ಅಂತ ಬರೆಯುವುದಿಲ್ಲ. ಸ್ಪೋರ್ಟ್ಸ್ ಕಾರು ಅಂದ ಕೂಡಲೇ ನಮ್ಮ ಕಡೆಯವರು ಕೆಲವರು, ಹಿಂದೆ ನಮ್ಮ ದೇಶದಲ್ಲೇ ತಯಾರಾದ ಸ್ಯಾನ್ ಸ್ಟಾರ್ಮ್ ನೆನಪು ಮಾಡಿಕೊಳ್ಳುತ್ತಾರೆ. ಫೈಬರ್ ಬಾಡಿ, ರೆನೊ ಕಂಪನಿಯ 1149 ಸಿಸಿ ಎಂಜಿನ್ನು, ಮುದ್ದಾದ ಕಾರು. ನಮ್ಮದು ಅದಲ್ಲ.

ಭಾವ ಕನಕಪುರದಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟಿದ್ದವರು. ದಿನವಿಡೀ ಗ್ರೀಸು, ಬೇರಿಂಗು. ಭಾನುವಾರ ಮಾತ್ರ ಈ ಕಾರು. ಅವರು ತೀರಿಕೊಂಡು ಮೂರು ವರ್ಷ ಆಯ್ತು. ಅಕ್ಕ ಹೈಸ್ಕೂಲ್ ಮೇಡಂ. ಕೋಡಿಹಳ್ಳಿಯಿಂದ ಕನಕಪುರಕ್ಕೆ ದಿನಾ ಹೋಗಿ ಬರಬೇಕು. ನಲವತ್ನಾಲ್ಕನೇ ವಯಸ್ಸಿನಲ್ಲಿ ಈ ಕಾರಿನಲ್ಲೇ ಡ್ರೈವಿಂಗ್ ಕಲಿತಳು. ಬಸ್ಸಿಗೆ ಕಾಯೋದು ತಪ್ಪಿತು, ‘ಯಾರಾದ್ರೂ ಬಿಟ್ಬನ್ನಿ’ ಅಂತ ಯಾರನ್ನೂ ಕೇಳೋದು ತಪ್ಪಿತು. ಊರಲ್ಲಿ ನಾಲ್ಕು ಜನ ನಾಲ್ಕು ಮಾತಾಡಿದರು. ಮಾತಾಡಿ ಸುಸ್ತಾದರು.

ಆದರೆ ಬಿಸಿಗೆ ಮಾತ್ರ ಅವಳ ಹತ್ತಿರ ಉತ್ತರ ಇರಲಿಲ್ಲ. ಆ ಕಾರಿನೊಳಗಿನ ಬಿಸಿ ಹೇಗಿತ್ತು ಅಂದ್ರೆ, ಚಪ್ಪಲಿ ಹಾಕಿದ ಪಾದ ಸುಡ್ತಿತ್ತು. ಗೇರ್ ಲಿವರ್ ಪಕ್ಕದ ಎಡಗಾಲು ಒಲೆ ಪಕ್ಕ ಇಟ್ಟ ಹಾಗೆ. ಎ.ಸಿ. ಹಾಕಿದರೆ ಮುಖಕ್ಕೆ ತಣ್ಣನೆ ಗಾಳಿ, ಮಂಡಿಯ ಕೆಳಗೆ ಬಿಸಿ. ಬೆಂಗಳೂರಿನ ಒಂದು ದೊಡ್ಡ ವರ್ಕ್‌ಶಾಪಿನವರು ಎರಡು ವರ್ಷದಲ್ಲಿ ಮೂರು ಸಲ ಎ.ಸಿ. ಗ್ಯಾಸ್ ತುಂಬಿದರು, ಮೂರು ಸಲ ಬಿಲ್ಲು ಕೊಟ್ಟರು. ಬಿಸಿ ಎಲ್ಲಿತ್ತೋ ಅಲ್ಲೇ ಇತ್ತು.

ಕಳೆದ ಮಾರ್ಚ್ ಕೊನೆಯ ಶನಿವಾರ ಸ್ಕೂಲು ಮುಗಿಸಿ, ಬ್ಯಾಂಕಿನ ಕೆಲಸ ಮುಗಿಸಿ, ಮಧ್ಯಾಹ್ನ ಒಂದು ಗಂಟೆಗೆ ಹೊರಟವಳಿಗೆ ದಾರಿಯಲ್ಲಿ ಕಣ್ಣು ಕತ್ತಲೆ ಬಂತು. ಬಿ.ಪಿ. ಮಾತ್ರೆ ತಗೊಳ್ತಾಳೆ ಬೇರೆ. ಪುಣ್ಯಕ್ಕೆ ಗಾಡಿ ಪಕ್ಕಕ್ಕೆ ಹಾಕಿ ಹುಣಸೆ ಮರದ ಕೆಳಗೆ ಕೂತಳು. ಹೊಲದಲ್ಲಿದ್ದವರು ಯಾರೋ ಮಜ್ಜಿಗೆ ತಂದುಕೊಟ್ಟರು. ಅವತ್ತು ಸಂಜೆ ಮನೆಯಲ್ಲಿ ಪಂಚಾಯ್ತಿ. ಚಿಕ್ಕಪ್ಪ ಒಂದೇ ಮಾತು ಹೇಳಿದ್ರು: ‘ಮಾರ್ಬುಡವ್ವ. ಜೀವಕ್ಕಿಂತ ಕಾರು ಹೆಚ್ಚಾ?’ ಅಕ್ಕ ತಲೆ ತಗ್ಗಿಸಿ ಕೂತಿದ್ದಳು. ಅವಳು ಹಾಗೆ ಕೂತಿದ್ದನ್ನು ಭಾವ ಹೋದ ವರ್ಷ ಬಿಟ್ಟರೆ ನಾನು ನೋಡಿಲ್ಲ. ಕೊನೆಗೆ ‘ಮೇ ತಿಂಗಳವರೆಗೂ ಟೈಂ ಕೊಡಿ’ ಅಂದಳು.

ಹೊತ್ತು ಇಳಿದ ಮೇಲೆ ಬಾ ಅನ್ನೋ ಹಾಗೂ ಇಲ್ಲ. ನಮ್ಮ ಹೋಬಳಿ ಗೊತ್ತಿದ್ದವರಿಗೆ ಇದು ಗೊತ್ತು. ಕತ್ತಲಾದರೆ ಕಾಡಂಚಿನ ರಸ್ತೆಗೆ ಆನೆ ಬರುತ್ತೆ. ಬಟ್ಟೆ ಟಾಪಿನ ಕಾರಲ್ಲಿ ಆನೆ ಎದುರು ನಿಲ್ಲೋದು ಯಾರಿಗೆ ಬೇಕು? ಹಾಗಾಗಿ ಬಿಸಿಲಲ್ಲೇ ಬರಬೇಕು.

ಬಿಸಿಯನ್ನು ‘ಸೆಕೆ’ ಅಂತ ತಳ್ಳಿಹಾಕುವವರಿಗೆ ಒಂದು ಮಾತು. 2023ರ ಅಕ್ಟೋಬರಿನಲ್ಲಿ ಕತಾರ್‌ನಲ್ಲಿ ನಡೆದ ಫಾರ್ಮುಲಾ ಒನ್ ರೇಸು ರಾತ್ರಿ ಹೊತ್ತಿನದು, ಬಿಸಿಲೇ ಇರಲಿಲ್ಲ. ಆದರೂ ಲೋಗನ್ ಸಾರ್ಜೆಂಟ್ ಅನ್ನುವ ಹುಡುಗ ರೇಸು ಅರ್ಧಕ್ಕೆ ಬಿಟ್ಟು ಇಳಿದ, ಎಸ್ತೆಬಾನ್ ಒಕಾನ್ ಹೆಲ್ಮೆಟ್ಟಿನೊಳಗೇ ವಾಂತಿ ಮಾಡಿಕೊಂಡ. ಕಬ್ಬಿಣದ ಹಾಗೆ ಮೈ ಇಟ್ಟುಕೊಂಡವರು ಅವರು. ಆಮೇಲೆ 2025ರಿಂದ, ‘ಹೀಟ್ ಇಂಡೆಕ್ಸ್’ 31 ಡಿಗ್ರಿ ದಾಟುವ ಮುನ್ಸೂಚನೆ ಇದ್ದರೆ ‘ಹೀಟ್ ಹಜಾರ್ಡ್’ ಅಂತ ಘೋಷಿಸಿ, ಕಾರಿಗೆ ಚಾಲಕನನ್ನು ತಂಪು ಮಾಡುವ ವ್ಯವಸ್ಥೆ ಅಳವಡಿಸಬೇಕು ಅನ್ನೋ ನಿಯಮ ಬಂತು. 31 ಡಿಗ್ರಿ! ನಮ್ಮಲ್ಲಿ ಮಾರ್ಚ್ ತಿಂಗಳ ಬೆಳಗ್ಗೆ ಹನ್ನೊಂದಕ್ಕೇ ಅಷ್ಟಿರುತ್ತೆ.

ಇನ್ನು ಸಣ್ಣ ಕಾರಿನ ಕಷ್ಟ ಬೇರೆ. ಒಳಗಿನ ಗಾಳಿ ಕಡಿಮೆ, ಬೇಗ ಕಾಯುತ್ತೆ. ಎಂಜಿನ್ನು ಮೊಣಕಾಲಿಗೆ ಒಂದು ತಗಡಿನ ಗೋಡೆಯಷ್ಟೇ ದೂರ. ಸೈಲೆನ್ಸರ್ ಪೈಪು ಎರಡು ಸೀಟಿನ ನಡುವಿನ ಗೂಡಿನ ಕೆಳಗೇ ಹಾದು ಹೋಗುತ್ತೆ. ದೊಡ್ಡ ಕಾರಲ್ಲಿ ಇದೆಲ್ಲ ಇದ್ದರೂ ದೂರ ಇರುತ್ತೆ.

ದಾರಿ ತೋರಿಸಿದ್ದು ಅವ್ವ. ನಮ್ಮದು ಹುಳು ಸಾಕಿದ ಮನೆ. ಅವ್ವ ನಲವತ್ತು ವರ್ಷ ರೇಷ್ಮೆ ಹುಳು ಮೇಯಿಸಿದವಳು, ರಾಮನಗರದ ಗೂಡಿನ ಮಾರ್ಕೆಟ್ಟಿಗೆ ಗೂಡು ಕಳಿಸಿ ನಮ್ಮನ್ನು ಓದಿಸಿದವಳು. ಹುಳು ಸಾಕೋದು ಅಂದ್ರೆ ಅರ್ಧ ಸೊಪ್ಪಿನ ಕೆಲಸ, ಅರ್ಧ ಬಿಸಿಯ ಕೆಲಸ. ಚಾಕಿ ಹುಳುವಿಗೆ 26ರಿಂದ 28 ಡಿಗ್ರಿ, ಗಾಳಿಯಲ್ಲಿ ತೇವವೂ ಚೆನ್ನಾಗಿರಬೇಕು. ನಾಲ್ಕನೇ ಜ್ವರ ಎದ್ದ ದೊಡ್ಡ ಹುಳುವಿಗೆ 24–25 ಸಾಕು, ಅದಕ್ಕಿಂತ ಗಾಳಿ ಆಡಬೇಕು. ಬಿಸಿ ಹೆಚ್ಚಾದರೆ ಹಣ್ಣಾಗುವ ಹೊತ್ತಿಗೆ ಸಪ್ಪೆ ರೋಗ ಬಂದು ತಟ್ಟೆ ತಟ್ಟೆಯೇ ಹೋಗುತ್ತೆ. ಒಂದು ಬೆಳೆ ಹೋದರೆ ಒಂದು ಸಾಲ.

ನಾನು ಕಾರಿಗೆ ದೊಡ್ಡ ಎ.ಸಿ. ಹಾಕಿಸೋ ಮಾತಾಡ್ತಿದ್ದೆ. ಅವ್ವ ಸೊಪ್ಪು ಹೆಚ್ಚುತ್ತಾ ಕೇಳಿದಳು: ‘ಲೇ, ಕಾವು ಮ್ಯಾಲಿಂದ ಬತ್ತದೋ, ಗ್ವಾಡೆಯಿಂದ ಬತ್ತದೋ, ಒಳಗೇ ಉಟ್ತದೋ? ಅದ ನೋಡ್ದೆ ಗೋಣಿ ಕಟ್ಟುದ್ರೆ ಏನ್ ಬಂತು?’

ನೋಡೋದು ಹೇಗೆ ಅಂತಲೂ ಅವಳೇ ಹೇಳಿದಳು. ಹುಳುಮನೆಯಲ್ಲಿ ಹೊತ್ತು ಹುಟ್ಟುವ ಮುಂಚೆ ಬಿಸಿ ಇದ್ದರೆ ಅದು ಬಿಸಿಲಿನದಲ್ಲ, ಹುಳುವಿನ ಗುಂಪಿನದು, ಹಾಸಿಗೆಯದು. ಹಾಗೇ ಕಾರನ್ನೂ ಬೆಳಗಿನ ಜಾವ ಓಡಿಸು ಅಂದಳು.

ಸರಿ, ಒಂದು ಭಾನುವಾರ ಬೆಳಗ್ಗೆ ಐದೂಮುಕ್ಕಾಲಿಗೆ ಅಕ್ಕ ನಾನು ಹೊರಟೆವು. ಹುಳುಮನೆಯ ಥರ್ಮಾಮೀಟರನ್ನೇ ತಗೊಂಡು ಹೋದೆವು. ಹೊರಗೆ 23 ಡಿಗ್ರಿ. ಎ.ಸಿ. ಇಲ್ಲ, ಫ್ಯಾನು ಇಲ್ಲ, ಕಿಟಕಿ ಮುಚ್ಚಿದ್ದು. ಕನಕಪುರ ಮುಟ್ಟುವಷ್ಟರಲ್ಲಿ ಒಳಗೆ 38. ಇನ್ನೂ ಸೂರ್ಯ ಸರಿಯಾಗಿ ಮೇಲೆ ಬಂದಿರಲಿಲ್ಲ. ಅಂದ್ರೆ ಮೂರು ಸಲ ತುಂಬಿದ ಗ್ಯಾಸಿಗೂ ನಮ್ಮ ರೋಗಕ್ಕೂ ಸಂಬಂಧವೇ ಇರಲಿಲ್ಲ. ಕಾರೇ ಒಳಗೆ ಒಲೆ ಹಚ್ಚಿಕೊಂಡಿತ್ತು.

ಮುಂದಿನದು ಕನಕಪುರದ ಒಬ್ಬ ಮೆಕ್ಯಾನಿಕ್ ಅಣ್ಣನ ಕೆಲಸ, ಭಾವನ ಸ್ನೇಹಿತರು. ಅವರು ಬಾನೆಟ್ ಎತ್ತಿ ಮೊದಲು ಹೀಟರಿಗೆ ಹೋಗುವ ಎರಡು ರಬ್ಬರ್ ಪೈಪು ಮುಟ್ಟಿದರು. ಎಂಜಿನ್ನಿನಲ್ಲಿ ಸುಮಾರು 90 ಡಿಗ್ರಿಯ ಕೂಲೆಂಟು ಸುತ್ತುತ್ತಿರುತ್ತೆ. ಚಳಿ ದೇಶದವರು ಅದರಲ್ಲಿ ಸ್ವಲ್ಪವನ್ನು ಡ್ಯಾಶ್‌ಬೋರ್ಡ್ ಹಿಂದಿನ ಪುಟ್ಟ ರೇಡಿಯೇಟರಿಗೆ ಹರಿಸಿ ಒಳಗೆ ಬೆಚ್ಚಗೆ ಮಾಡ್ಕೋತಾರೆ. ಅದಕ್ಕೊಂದು ವಾಲ್ವ್ ಇರುತ್ತೆ. ಹೀಟರ್ ‘ಆಫ್’ ಅಂದ್ರೆ ವಾಲ್ವ್ ಮುಚ್ಚಿ, ಅದರಾಚೆಯ ಪೈಪು ತಣ್ಣಗಿರಬೇಕು. ನಮ್ಮ ಕಾರಲ್ಲಿ ಎರಡೂ ಸುಡ್ತಿದ್ದವು. ವಾಲ್ವ್ ಎಷ್ಟು ವರ್ಷದಿಂದ ಸೋರ್ತಿತ್ತೋ, ಹನ್ನೆರಡು ತಿಂಗಳೂ ಹೀಟರು ಹಾಕ್ಕೊಂಡೇ ಓಡಾಡಿದ ಹಾಗಾಯ್ತು.

‘ಮೇಡಂ, ಕನಕಪುರಕ್ಕೆ ಹೀಟರ್ ಯಾಕೆ ಬೇಕು?’ ಅಂದ್ರು ಅಣ್ಣ. ಎರಡು ಪೈಪನ್ನೂ ಹೀಟರಿನಿಂದ ಬಿಡಿಸಿ ಒಂದಕ್ಕೊಂದು ಸೇರಿಸಿ ಕ್ಲಿಪ್ ಹಾಕಿದರು. ಇಲ್ಲೊಂದು ಸೂಕ್ಷ್ಮ ಇದೆ, ನೀವು ಮಾಡಿಸುವುದಾದರೆ ನೆನಪಿರಲಿ: ಪೈಪಿನ ಬಾಯಿಗೆ ಬೆಣೆ ಹೊಡೆದು ಮುಚ್ಚೋದಲ್ಲ. ಕೆಲವು ಎಂಜಿನ್ನಿಗೆ ಆ ಹರಿವು ಬೇಕೇ ಬೇಕು. ಸೇರಿಸಿದರೆ ಹರಿವೂ ಇರುತ್ತೆ, ಬಿಸಿಯೂ ಹೊರಗೇ ಇರುತ್ತೆ. ಖರ್ಚು ಐನೂರು ರೂಪಾಯಿ ದಾಟಲಿಲ್ಲ.

ಮುಂದಿನ ಭಾನುವಾರ ಅದೇ ಹೊತ್ತು, ಅದೇ ದಾರಿ. 32.

ಉಳಿದಿದ್ದು ಗೇರ್ ಲಿವರ್ ಸುತ್ತಲಿನದು. ರಬ್ಬರ್ ತೊಪ್ಪಿ ಹರಿದು, ಕೆಳಗಿನ ಗಾಳಿ ನೇರ ಒಳಗೆ ಬರ್ತಿತ್ತು. ಎಂಜಿನ್ ಗೋಡೆಯಲ್ಲಿ ವೈರು ತೂರಿಸಿದ ತೂತುಗಳಿಗೆ ರಬ್ಬರ್ ಇರಲಿಲ್ಲ. ಅವೆಲ್ಲ ಮುಚ್ಚಿದೆವು. ಸೈಲೆನ್ಸರ್ ಪೈಪಿಗೂ ನೆಲದ ತಗಡಿಗೂ ನಡುವೆ ಅಲ್ಯೂಮಿನಿಯಂ ಶೀಟು ಹಾಕೋದು ಅಂತಾಯ್ತು. ಅಂಗಡಿಯ ಹುಡುಗ ಅದನ್ನು ನೆಲಕ್ಕೇ ಅಂಟಿಸಿಬಿಡಿ ಅಂದ. ಮೆಕ್ಯಾನಿಕ್ ಅಣ್ಣ ಒಪ್ಪಲಿಲ್ಲ, ಅರ್ಧ ಇಂಚು ಗಾಳಿ ಬಿಟ್ಟು ಬೋಲ್ಟ್ ಹಾಕಿದರು. ಅಂಟಿಕೊಂಡ ತಗಡು ಬಿಸಿಯನ್ನು ದಾಟಿಸುತ್ತೆ, ನಡುವೆ ಗಾಳಿ ಓಡಿದರೆ ಹೊತ್ತೊಯ್ಯುತ್ತೆ. ಅವ್ವ ಹುಳುಮನೆಯ ಶೀಟಿನ ಮೇಲೆ ತೆಂಗಿನ ಗರಿಯನ್ನು ನೇರ ಹಾಸದೆ ಬೊಂಬು ಕೊಟ್ಟು ಎತ್ತರಿಸುತ್ತಿದ್ದದ್ದು ಇದಕ್ಕೇ. ಪೈಪಿಗೆ ಬಟ್ಟೆಯಂಥ ಪಟ್ಟಿ ಸುತ್ತುವವರೂ ಇದ್ದಾರೆ. ಅದು ಮಳೆ ನೀರು ಹಿಡಿದಿಟ್ಟು ಪೈಪಿಗೆ ತುಕ್ಕು ತರಿಸುತ್ತೆ, ನಮಗೆ ಬೇಡ ಅಂದ್ವಿ.

ನೆಲಕ್ಕೆ ಹಾಸುವ ಮ್ಯಾಟಿನಲ್ಲೂ ಎರಡು ಜಾತಿ. ಡಾಂಬರಿನದು ಅಗ್ಗ, ಆದರೆ ಬಿಸಿಗೆ ಮೆತ್ತಗಾಗಿ ವಾಸನೆ ಹೊಡೆಯುತ್ತೆ. ಬ್ಯೂಟೈಲ್ ರಬ್ಬರಿನದು ದುಬಾರಿ, ತಡೆಯುತ್ತೆ. ಎರಡನೆಯದನ್ನೇ ತಂದೆವು.

ಬಿಸಿ ಅಳೆಯಲು ಕೊರೊನಾ ಕಾಲದಲ್ಲಿ ಹಣೆಗೆ ಹಿಡೀತಿದ್ದ ಗನ್ ತಂದಿದ್ದ ನನ್ನ ಮಗ. ಅದು ಮನುಷ್ಯನ ಜ್ವರಕ್ಕೆ ಮಾತ್ರ ಲೆಕ್ಕ ಹಾಕಿದ್ದು, 43ರ ಹತ್ತಿರ ಬರುವಷ್ಟರಲ್ಲಿ ‘ಹೈ’ ಅಂತ ತೋರಿಸಿ ಸುಮ್ಮನಾಯ್ತು. ಗ್ಯಾರೇಜಿನವರದು ಬೇರೆ. ಅದನ್ನೂ ಹೊಳೆಯುವ ಫಾಯಿಲ್ ಮೇಲೆ ಹಿಡಿದರೆ ಸುಳ್ಳು ಹೇಳುತ್ತೆ, ಇರೋದಕ್ಕಿಂತ ಕಡಿಮೆ ತೋರಿಸುತ್ತೆ. ಅಂಗಡಿಯವರು ‘ನೋಡಿ ಸಾರ್, ಎಷ್ಟು ತಂಪು’ ಅಂತ ಮಾರೋದು ಹೀಗೇ. ಫಾಯಿಲ್ ಮೇಲೆ ಒಂದು ತುಂಡು ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಿ, ಅದು ಕಾದ ಮೇಲೆ ಅದರ ಮೇಲೆ ಹಿಡಿಯಿರಿ, ನಿಜ ಬರುತ್ತೆ. ನಮ್ಮ ನೆಲದ ತಗಡು ಮೊದಲು 61 ಇದ್ದದ್ದು 44ಕ್ಕೆ ಬಂತು. ಬೆಳಗಿನ ಲೆಕ್ಕದಲ್ಲಿ ಒಳಗಿನ ಗಾಳಿ 28.

ಇಷ್ಟಾದ ಮೇಲೆ ಬಿಸಿಲಿನ ಕಡೆ ತಿರುಗಿದೆವು. ಗಾಜಿಗೆ ಕಪ್ಪು ಫಿಲ್ಮ್ ಹಾಕಿಸೋಣ ಅಂದ ಮಗ. 2012ರಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಹಾಕಿದ್ದು ನಿಮಗೆ ನೆನಪಿರಬಹುದು. ಮುಂದಿನ ಹಿಂದಿನ ಗಾಜಿನಲ್ಲಿ ಶೇ. 70, ಪಕ್ಕದ ಗಾಜಿನಲ್ಲಿ ಶೇ. 50 ಬೆಳಕು ದಾಟಲೇಬೇಕು. ಮೇಡಂ ಆದವಳು ಪೊಲೀಸರ ಮುಂದೆ ನಿಂತು ದಂಡ ಕಟ್ಟೋದು ಬೇಡ ಅಂತ ಅದನ್ನು ಕೈಬಿಟ್ಟೆವು. ಟಾಪಿನ ಒಳಮೈಗೆ ತಿಳಿ ಬಣ್ಣದ ದಪ್ಪ ಬಟ್ಟೆ ಹೊಲಿಸಿದೆವು. ಸ್ಕೂಲಿನಲ್ಲಿ ನಿಲ್ಲಿಸಿದಾಗ ಮೇಲೊಂದು ಬಿಳಿ ಹೊದಿಕೆ. ಹೊರಡುವಾಗ ಎರಡು ಬಾಗಿಲೂ ತೆಗೆದು ಒಂದನ್ನು ನಾಲ್ಕೈದು ಸಲ ಬೀಸೋದು, ಕಿಟಕಿ ಇಳಿಸಿ ಅರ್ಧ ಕಿಲೋಮೀಟರ್ ಓಡಿಸಿ, ಆಮೇಲೆ ಎ.ಸಿ. ಮಕ್ಕಳು ನೋಡಿ ನಗ್ತಾರಂತೆ, ‘ಮೇಡಂ ಕಾರಿಗೆ ಗಾಳಿ ಬೀಸ್ತಾರೆ’ ಅಂತ.

ಏಪ್ರಿಲ್ ಕೊನೆಯ ವಾರ, ಹೊರಗೆ 37 ಡಿಗ್ರಿ ಇದ್ದ ಒಂದು ಮಧ್ಯಾಹ್ನ ಅಕ್ಕ ಬೇಕಂತಲೇ ಎರಡು ಗಂಟೆಗೆ ಕನಕಪುರದಿಂದ ಹೊರಟಳು. ಪಕ್ಕದ ಸೀಟಿನಲ್ಲಿ ಚಿಕ್ಕಪ್ಪ. ಅವಳೇ ಕರೆದದ್ದು. ನಾನು ಮನೆಯಲ್ಲಿ ಕಾಯ್ತಾ ಕೂತಿದ್ದೆ, ಅವ್ವ ಎರಡು ಸಲ ಬಾಗಿಲಿಗೆ ಹೋಗಿ ಬಂದಳು. ಥರ್ಮಾಮೀಟರು 29 ತೋರಿಸ್ತಿತ್ತು. ಚಿಕ್ಕಪ್ಪ ಇಳಿಯಲು ಒದ್ದಾಡಿದರು. ಅಷ್ಟು ತಗ್ಗಿನ ಸೀಟಿಂದ ಎಪ್ಪತ್ತರ ಮನುಷ್ಯ ಏಳೋದು ಸುಲಭವಲ್ಲ. ನಾನು ಕೈ ಕೊಟ್ಟೆ. ಅವರು ಪಂಚೆ ಸರಿಮಾಡಿಕೊಂಡು, ‘ಸಳಿ ಆಯ್ತದೆ ಕಣ್ಲಾ ಒಳ್ಗೆ’ ಅಂದ್ರು.

ಬಿ.ಪಿ. ಡಾಕ್ಟರು ಅಕ್ಕನಿಗೆ ಮಾತ್ರೆಯ ಹೊತ್ತು ಬದಲಾಯಿಸಿ ಕೊಟ್ಟಿದ್ದಾರೆ. ಕಾರಲ್ಲಿ ಒಂದು ಲೀಟರಿನ ಸ್ಟೀಲ್ ಬಾಟಲಿ ಇರುತ್ತೆ, ಮಜ್ಜಿಗೆಯದು. ಹುಳುಮನೆಯ ಥರ್ಮಾಮೀಟರನ್ನು ಅವಳು ಇನ್ನೂ ವಾಪಸ್ ಕೊಟ್ಟಿಲ್ಲ. ಅವ್ವ ಈ ಬೆಳೆಗೆ ಹೊಸದು ತರಿಸಿಕೊಂಡಿದ್ದಾಳೆ.